ಸುರಂಗದ ನೀರು, ಎರಡೆಕರೆಯ ಬದುಕು

ವಿಟ್ಲದಿಂದ ಪೆರ್ಲಕ್ಕೆ ಹೋಗುವ ಬಸ್ಸು ಅಡ್ಯನಡ್ಕ ದಾಟಿದ ಸ್ವಲ್ಪ ಹೊತ್ತಿಗೆ ಕರ್ನಾಟಕ ಮುಗಿದು ಕೇರಳ ಶುರುವಾಗುತ್ತದೆ. ಭೂಪಟದ ಗೆರೆಯೊಂದನ್ನು ಬಿಟ್ಟರೆ ಬೇರೇನೂ ಬದಲಾಗುವುದಿಲ್ಲ. ಅದೇ ಕೆಂಪು ಮುರಕಲ್ಲಿನ ಗುಡ್ಡ, ಅದೇ ಅಡಿಕೆ ತೋಟ, ಅದೇ ತುಳು, ಅದೇ ಕನ್ನಡ. ಬಸ್ಸಿನ ಕಿಟಕಿಗೆ ಕಾಣದ ಇನ್ನೊಂದು ಸಾಮ್ಯವೂ ಇದೆ. ಗಡಿಯ ಎರಡೂ ಕಡೆ ಗುಡ್ಡಗಳ ಹೊಟ್ಟೆಯಲ್ಲಿ ಸಾವಿರಾರು ಸುರಂಗಗಳಿವೆ. ರೈಲಿಗಾಗಿ, ರಾಜರಿಗಾಗಿ ಕೊರೆದವಲ್ಲ. ರೈತರು ನೀರಿಗಾಗಿ ಕೊರೆದವು.

ರಸ್ತೆಯಿಂದ ಕಾಲುಹಾದಿಯಲ್ಲಿ ಇಳಿದರೆ ಅಂಥದೊಂದು ಸುರಂಗವನ್ನೇ ನಂಬಿದ ಎರಡೆಕರೆಯ ತೋಟ ಸಿಗುತ್ತದೆ. ಮನೆಯಲ್ಲಿರುವುದು ಅಜ್ಜ, ಅಜ್ಜಿ ಇಬ್ಬರೇ. ಏಪ್ರಿಲ್ ಕೊನೆಯ ವಾರವಾದ್ದರಿಂದ ಮಂಗಳೂರಿನಲ್ಲಿ ಒಂಬತ್ತನೆಯ ತರಗತಿ ಮುಗಿಸಿದ ಮೊಮ್ಮಗನೂ ರಜೆಗೆ ಬಂದಿದ್ದಾನೆ. ಅವನಿಗೆ ಶಾಲೆಯಿಂದ ಒಂದು ಕೆಲಸ ಕೊಟ್ಟಿದ್ದಾರೆ: ಒಂದು ದಿನದಲ್ಲಿ ಮನೆಯಲ್ಲಿ ಬಳಸಿದ ವಸ್ತುಗಳು ಎಲ್ಲಿಂದ ಬಂದವು ಎಂದು ಪಟ್ಟಿ ಮಾಡಬೇಕು. ಹುಡುಗ ಪುಸ್ತಕದ ನಡುವೆ ಗೆರೆ ಎಳೆದು ಎಡಗಡೆ ‘ಮನೆಯದು’, ಬಲಗಡೆ ‘ಅಂಗಡಿಯದು’ ಎಂದು ಬರೆದುಕೊಂಡಿದ್ದಾನೆ. ಅಜ್ಜನಿಗೆ ಈ ಪರೀಕ್ಷೆಯಲ್ಲಿ ತಾನೇ ಪಾಸಾಗುವೆನೆಂಬ ಧೈರ್ಯ.

ಬೆಳಗ್ಗೆ ಐದೂವರೆಗೆ ಅಜ್ಜಿ ಹಟ್ಟಿಯಲ್ಲಿರುತ್ತಾರೆ. ಎರಡು ಹಸು, ಒಂದು ಕರು. ದಿನಕ್ಕೆ ಸಿಗುವ ಸಗಣಿ ಸುಮಾರು 25 ಕಿಲೋ. ಅಷ್ಟೇ ನೀರು ಸೇರಿಸಿ ಕಲಕಿ ಗೋಬರ್ ಗ್ಯಾಸ್ ಗುಂಡಿಗೆ ಬಿಟ್ಟರೆ, ಗಾಳಿ ಸೋಕದ ಕತ್ತಲಲ್ಲಿ ಬ್ಯಾಕ್ಟೀರಿಯಾಗಳು ಕೆಲಸ ಮಾಡಿ ಹೆಚ್ಚುಕಡಿಮೆ ಒಂದು ಘನ ಮೀಟರ್ ಅನಿಲ ಕೊಡುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಇಬ್ಬರು ಮೂವರ ಅಡಿಗೆಗೆ ಸಾಕು. ಹೊರಬಿದ್ದ ಬಗ್ಗಡ ತೋಟಕ್ಕೆ. ಹಾಲು, ಉರುವಲು, ಗೊಬ್ಬರ ಮೂರೂ ಎಡಗಡೆಗೆ ಸೇರಿದವು. ಆದರೆ ಸೂರ್ಯ ಹುಟ್ಟುವ ಮೊದಲೇ ಬಲಗಡೆಯೂ ಖಾಲಿ ಉಳಿಯಲಿಲ್ಲ.

“ಚಹದ ಪುಡಿ, ಸಕ್ಕರೆ ಅಂಗಡಿಯದು ಮಗಾ, ಮರೆಯದೆ ಬರೆ” ಎಂದು ಅಜ್ಜಿಯೇ ಹೇಳಿದರು.

ತಿಂಡಿಯಾದ ಮೇಲೆ ಅಜ್ಜ ತಲೆಗೆ ಹಾಳೆಯ ಮುಟ್ಟಾಳೆ ಇಟ್ಟು ಮೊಮ್ಮಗನನ್ನು ಸುರಂಗಕ್ಕೆ ಕರೆದೊಯ್ದರು. ಹೊರಗೆ ಬೆವರು ಇಳಿಯುವ ಸೆಕೆ. ಹತ್ತು ಹೆಜ್ಜೆ ಒಳಗಿಟ್ಟರೆ ತಂಪು. ಎತ್ತರ ಒಬ್ಬ ಮನುಷ್ಯ ನಿಲ್ಲುವಷ್ಟು, ಅಗಲ ಒಬ್ಬ ನಡೆಯುವಷ್ಟೇ. ಟಾರ್ಚು ಇದ್ದರೂ ಅಜ್ಜನ ಕೈಯಲ್ಲೊಂದು ಮೇಣದಬತ್ತಿ ಇತ್ತು. ಟಾರ್ಚು ದಾರಿ ತೋರಿಸುತ್ತದೆ, ಗಾಳಿಯ ಸಂಗತಿ ಹೇಳುವುದಿಲ್ಲ. ಆಮ್ಲಜನಕ ಕಡಿಮೆಯಾದರೆ ಬತ್ತಿ ಮಂಕಾಗುತ್ತದೆ. ಆಗ ತಿರುಗಿ ಹೊರಗೆ ನಡೆಯಬೇಕು. ಇದು ಪಿಕ್ಕಾಸು ಹಿಡಿದು ಕೊರೆದ ಹಿರಿಯರು ಪ್ರಯೋಗಾಲಯವಿಲ್ಲದೆ ಕಲಿತ ರಸಾಯನಶಾಸ್ತ್ರ.

ಗೋಡೆಯಿಂದಲೂ ಮಾಡಿನಿಂದಲೂ ನೀರು ಹನಿಯುತ್ತಿತ್ತು. ಎಲ್ಲಿಯ ನೀರು ಇದು? ಈ ಕಡೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಜಾಗದಲ್ಲಿ ಬಿದ್ದ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಹಾಗಾದರೆ ಒಂದು ಎಕರೆ ಗುಡ್ಡದ ಮೇಲೆ ವರ್ಷಕ್ಕೆ ಸುಮಾರು 1 ಕೋಟಿ 40 ಲಕ್ಷ ಲೀಟರ್ ಬೀಳುತ್ತದೆ. ಹೆಚ್ಚಿನದೆಲ್ಲ ಹರಿದು ಹೊಳೆ ಸೇರುತ್ತದೆ. ಸ್ವಲ್ಪ ಮಾತ್ರ ತೂತುತೂತಾದ ಮುರಕಲ್ಲಿನಲ್ಲಿ ಇಳಿದು, ಕೆಳಗಿನ ಜೇಡಿಮಣ್ಣಿನ ಪದರ ತಡೆದಾಗ ಅಲ್ಲೇ ನಿಲ್ಲುತ್ತದೆ. ಬಾವಿ ಆ ನೀರನ್ನು ಮೇಲಿನಿಂದ ಹುಡುಕಿಕೊಂಡು ಹೋಗುತ್ತದೆ, ಸುರಂಗ ಪಕ್ಕದಿಂದ. ಪಕ್ಕದಿಂದ ಬಂದ ನೀರು ತಾನಾಗಿಯೇ ಹರಿದು ಬರುವುದರಿಂದ ಪಂಪು ಬೇಡ, ಕರೆಂಟು ಬೇಡ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಇಳಿಯುತ್ತಿದ್ದ ನೀರು ಈಗ ಪೈಪಿನಲ್ಲಿ ಇಳಿದು ಮನೆಯ ಮೇಲ್ಭಾಗದ ಟಾಂಕಿ ತುಂಬುತ್ತದೆ.

ಕೊರೆದ ಕಡೆಯೆಲ್ಲ ನೀರು ಸಿಗುತ್ತದೆಂದಲ್ಲ. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರ ಕಥೆ ಈ ಸೀಮೆಯ ಎಲ್ಲರಿಗೂ ಗೊತ್ತು. ಅಡಿಕೆ, ತೆಂಗಿನ ಮರವೇರುವ ಕೂಲಿ ಮಾಡುತ್ತಿದ್ದ ಅವರಿಗೆ 1978ರಲ್ಲಿ ಬೋಳುಗುಡ್ಡದ ಇಳಿಜಾರಿನಲ್ಲಿ ಎರಡೆಕರೆ ಸಿಕ್ಕಿತು; ನೀರು ಮಾತ್ರ ಇರಲಿಲ್ಲ. ಹಗಲು ಕೂಲಿ, ಬಿಡುವಿನಲ್ಲಿ ಒಬ್ಬರೇ ಸುರಂಗ ತೋಡುವುದು. ಒಂದರ ಹಿಂದೊಂದು ಸುರಂಗ ಒಣಕಲಾದರೂ ಬಿಡದೆ, ಕೊನೆಗೆ ನೀರು ಕಂಡು ಆ ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಯ ಸುದ್ದಿ ಓದಿ ಸಂತೋಷಪಟ್ಟವರು ಬಹಳ. ಆ ಒಣ ಸುರಂಗಗಳ ವರ್ಷಗಳನ್ನು ನೆನೆದವರು ಎಷ್ಟು ಮಂದಿಯೋ.

ಅಜ್ಜನ ಸುರಂಗ ಅವರ ತಂದೆಯ ಕಾಲದ್ದು. ಟಾಂಕಿಗೆ ಬೀಳುವ ನೀರಿಗೆ ಹತ್ತು ಲೀಟರಿನ ಬಾಲ್ದಿ ಹಿಡಿದು, ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡು ಎಂದು ಅಜ್ಜ ಹುಡುಗನಿಗೆ ಹೇಳಿದರು. ಗಡಿಯಾರ ನೋಡಿ ಎಣಿಸಿದರೆ ಎಂಬತ್ತು. ಅಂದರೆ ದಿನಕ್ಕೆ 10,800 ಲೀಟರ್. ಬೇಸಿಗೆಯಲ್ಲಿ ಅಡಿಕೆ ಮರವೊಂದಕ್ಕೆ ನಾಲ್ಕು ದಿನಕ್ಕೊಮ್ಮೆ 175 ಲೀಟರ್ ಬೇಕು. ತೋಟದಲ್ಲಿರುವುದು 240 ಮರ. ದಿನಕ್ಕೆ 60ರಂತೆ ಸರದಿ. ಅದಕ್ಕೆ 10,500 ಲೀಟರ್ ಹೋಯಿತು. ಉಳಿದ 300 ಲೀಟರಿನಲ್ಲಿ ಮನೆ ಮತ್ತು ಹಟ್ಟಿ ನಡೆಯಬೇಕು. ಅದೂ ವ್ಯರ್ಥವಿಲ್ಲ, ಬಚ್ಚಲ ನೀರು ಬಾಳೆಬುಡಕ್ಕೆ, ಪಾತ್ರೆ ತೊಳೆದದ್ದು ಬಸಳೆಗೆ. ಮರಗಳು ಇನ್ನೂರೈವತ್ತು ಯಾಕಿಲ್ಲ ಎಂಬ ಪ್ರಶ್ನೆಗೆ ಹುಡುಗನಿಗೆ ಉತ್ತರ ಅಲ್ಲೇ ಸಿಕ್ಕಿತು.

ಮಧ್ಯಾಹ್ನದ ಊಟಕ್ಕೆ ಗುಜ್ಜೆ ಪಲ್ಯ, ಒಂದೆಲಗದ ತಂಬುಳಿ, ಕಾಟುಮಾವಿನ ಗೊಜ್ಜು, ಮಜ್ಜಿಗೆ. ಎಲ್ಲವೂ ಹಿತ್ತಿಲಿನದು, ಎಣ್ಣೆಯೂ ಮನೆಯ ತೆಂಗಿನದೇ. ಎಡಗಡೆಯ ಪಟ್ಟಿ ಪುಟ ತುಂಬಿತು. ಅಜ್ಜಿಗಂತೂ ಈ ದಿನಗಳಲ್ಲಿ ಬಿಡುವೇ ಇಲ್ಲ. ಅಂಗಳದಲ್ಲಿ ಹಪ್ಪಳ, ಮಾಂಬಳ ಒಣಗುತ್ತವೆ. ಅಟ್ಟದ ಜಂತಿಗೆ ಸೌತೆಕಾಯಿಗಳು ಬಾಳೆನಾರಿನಲ್ಲಿ ತೂಗುತ್ತವೆ. ಭರಣಿಯಲ್ಲಿ ಹಲಸಿನ ಸೊಳೆ ಉಪ್ಪಿನಲ್ಲಿ ಮುಳುಗಿದೆ. ಜೂನಿನಿಂದ ಮೂರು ನಾಲ್ಕು ತಿಂಗಳು ಹಿತ್ತಿಲಿನಲ್ಲಿ ಹೆಚ್ಚೇನೂ ಬೆಳೆಯದು. ಮಳೆಗಾಲದ ಊಟವನ್ನು ಬೇಸಿಗೆಯಲ್ಲೇ ಮಾಡಿಡಬೇಕು. ಉಪ್ಪು ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಕೊಳೆಸುವ ಜೀವಿಗಳಿಗೂ ನೀರು ದಕ್ಕದಂತೆ ಮಾಡುತ್ತದೆ. ಪುಸ್ತಕದಲ್ಲಿ ಅಭಿಸರಣ ಎಂದು ಬಾಯಿಪಾಠ ಮಾಡಿದ್ದು ಇದನ್ನೇ.

ಆದರೆ ಉಪ್ಪು? ಅದು ಬಲಗಡೆ. ಎಷ್ಟೇ ಸ್ವಾವಲಂಬಿಯಾದ ತೋಟವೂ ಉಪ್ಪು ಬೆಳೆದದ್ದಿಲ್ಲ. ಹಿಂದಿನ ಕಾಲದಲ್ಲೂ ಉಪ್ಪು ಹೊರಗಿನಿಂದಲೇ ಬರಬೇಕಿತ್ತು. ಉಪ್ಪಿನಂಗಡಿ ಎಂಬ ಊರಿನ ಹೆಸರೇ ಅದನ್ನು ಹೇಳುತ್ತದೆ.

ಉಪ್ಪು ಬರೆಯುವಾಗ ಅಜ್ಜ ನಕ್ಕರು. ಅದರ ಕೆಳಗಿನ ಸಾಲಿಗೆ ಬಂದಾಗ ನಗು ನಿಂತಿತು.

“ಅಕ್ಕಿ ಎಲ್ಲಿಯದು ಅಜ್ಜಾ?”

“ಬರೆದುಕೊ. ಅಂಗಡಿಯದು.”

ತೋಟದ ಕೆಳಗಿನ ಅರ್ಧ ಎಕರೆ ಹಿಂದೆ ಗದ್ದೆಯಾಗಿತ್ತು. ಒಂದು ಬೆಳೆಯಲ್ಲಿ ಮನೆಯ ವರ್ಷದ ಕುಚ್ಚಲಕ್ಕಿ ಬರುತ್ತಿತ್ತು, ಹಸುಗಳಿಗೆ ಬೈಹುಲ್ಲೂ. ನೇಜಿ ನೆಡುವವರು ಸಿಗದಾದರು, ಅಡಿಕೆಗೆ ಬೆಲೆ ಬಂತು. ಗದ್ದೆಯಲ್ಲೂ ಅಡಿಕೆ ಸಸಿ ಬಿತ್ತು. ಈ ಸೀಮೆಯಲ್ಲಿ ಹೀಗೆ ತೋಟವಾದ ಗದ್ದೆಗಳಿಗೆ ಲೆಕ್ಕವಿಲ್ಲ. ಅಡಿಕೆ ಮಾರಿ ಅಕ್ಕಿ ತರುವುದು ತಪ್ಪೇನಲ್ಲ, ಅದರ ದುಡ್ಡಿನಲ್ಲೇ ಮಕ್ಕಳು ಓದಿದ್ದು. ಆದರೆ ಅಡಿಕೆಯನ್ನು ಬೇಯಿಸಿ ಉಣ್ಣಲಾಗುವುದಿಲ್ಲ.

ಸಂಜೆ ಅಜ್ಜ ಗುಡ್ಡದಿಂದ ಸೊಪ್ಪಿನ ಹೊರೆ ತಂದು ಹಟ್ಟಿಗೆ ಹಾಸಿದರು. ಆ ಗುಡ್ಡ ಅವರ ಎರಡೆಕರೆಯೊಳಗಿಲ್ಲ. ಅದು ಕುಮ್ಕಿ, ಪಟ್ಟಾ ಜಮೀನಿನ ಅಂಚಿನ ಸರಕಾರಿ ಜಾಗ. ಸೊಪ್ಪು ತರಗೆಲೆ ತರುವ ಹಕ್ಕು ಹಿಂದಿನಿಂದ ಬಂದದ್ದು. ತೋಟದ ಗೊಬ್ಬರ ಆ ಗುಡ್ಡದ್ದು, ಸುರಂಗದ ನೀರೂ ಅದೇ ಗುಡ್ಡದ್ದು. ಸೊಪ್ಪನ್ನು ಎಡಗಡೆ ಬರೆಯಬೇಕೋ ಬಲಗಡೆಯೋ ಎಂದು ಹುಡುಗನಿಗೆ ತಿಳಿಯಲಿಲ್ಲ. ಕೊನೆಗೆ ಗೆರೆಯ ಮೇಲೆಯೇ ಬರೆದ. ಅಜ್ಜ ಸರಿ ಎಂದರು.

ರಾತ್ರಿ ಎಂಟಕ್ಕೆ ಮಂಗಳೂರಿನಿಂದ ಹುಡುಗನ ಅಪ್ಪನ ಫೋನು. ಭಾನುವಾರ ಬೋರ್‌ವೆಲ್‌ನವರನ್ನು ಕರೆತರುತ್ತಾರಂತೆ. ನೀರು ಹೆಚ್ಚಾದರೆ ಮೇಲಿನ ಮಗ್ಗುಲಿಗೂ ಅಡಿಕೆ ಇಡಬಹುದು, ಮುಪ್ಪಿನಲ್ಲಿ ಅಪ್ಪ ಅಮ್ಮ ಬಾಲ್ದಿ ಲೆಕ್ಕ ಹಾಕಬೇಕಾಗಿಲ್ಲ ಎಂಬುದು ಅವರ ಮಾತು. ಅದು ಪ್ರೀತಿಯ ಮಾತೇ. ಆದರೆ ಹತ್ತಿರ ಬೋರ್‌ವೆಲ್ ಬಂದ ಮೇಲೆ ಸುರಂಗ ಸೊರಗಿತೆಂದು ಹೇಳುವವರು ಆಚೀಚೆ ಊರುಗಳಲ್ಲಿದ್ದಾರೆ. ಜೇಡಿಪದರವನ್ನು ತೂತು ಮಾಡಿ ಆಳಕ್ಕಿಳಿದ ಕೊಳವೆಯ ಪಕ್ಕದಲ್ಲಿ ಮೇಲಿನ ನೀರು ಎಷ್ಟು ಉಳಿದೀತು ಎಂಬುದು ಕೊರೆದ ಮೇಲೆಯೇ ಗೊತ್ತಾಗುವ ಸಂಗತಿ.

ಅಜ್ಜ ಫೋನಿನಲ್ಲಿ ಹೌದು ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ದೀಪ ಆರಿಸುವ ಮುಂಚೆ ಮೊಮ್ಮಗನಿಗೆ ಹೇಳಿದರು: “ನಾಳೆಯೂ ನಾಡಿದ್ದೂ ಬಾಲ್ದಿ ಹಿಡಿದು ಎಣಿಸು, ದಿನಾಂಕ ಹಾಕಿ ಬರೆ. ಭಾನುವಾರ ಅಪ್ಪ ಬಂದಾಗ ಮೊದಲು ಅದನ್ನು ತೋರಿಸುವಾ.”