ಪ್ರೆಶರ್ ಸರಿಯಿತ್ತು, ಕೋನ ಸರಿಯಿರಲಿಲ್ಲ

ಸಂಜೆ ಹೊತ್ತಿಗೆ ಎಡಹುಬ್ಬಿನ ಮೇಲೆ ನೋವು ಶುರುವಾಗುತ್ತಿತ್ತು. ಬೀದಿದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತಿತ್ತು. ಮಲಗಿ ಎದ್ದರೆ ಎರಡೂ ಮಾಯ. ಅರ್ಧ ತಲೆನೋವು ಅಂದರು ಕೆಲವರು, ಪಿತ್ತ ಅಂದರು ಇನ್ನು ಕೆಲವರು. ಕನ್ನಡಕದ ನಂಬರ್ ಬದಲಾಯಿಸಿದ್ದೂ ಆಯಿತು. ಒಂದು ಬೆಳಿಗ್ಗೆ ಕಣ್ಣಿನ ಪ್ರೆಶರ್ ಅಳೆದಾಗ 18 ಬಂತು. 10ರಿಂದ 21ರವರೆಗೆ ಮಾಮೂಲು, ಹೆದರಬೇಡಿ ಎಂದು ಕಳಿಸಿದರು.

ಒಂದು ರಾತ್ರಿ ನೋವು ಇಳಿಯಲೇ ಇಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟರೆ ಗುಡ್ಡೆ ಗೋಲಿಯಷ್ಟು ಗಟ್ಟಿ. ಕುಡಿದ ನೀರೂ ವಾಂತಿಯಾಯಿತು. ಡ್ಯೂಟಿ ಡಾಕ್ಟರು ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಎಡಗಣ್ಣು ಕೆಂಪಾಗಿ, ಎದುರಿಗಿದ್ದ ಮಗಳ ಮುಖವೂ ಮಸುಕಾಗಿತ್ತು.

ಕಣ್ಣಾಸ್ಪತ್ರೆಯಲ್ಲಿ ಅದೇ ಕಣ್ಣಿನ ಪ್ರೆಶರ್ 52. ಮ್ಯಾನಿಟಾಲ್ ಏರಿಸಿದರು, ಡಯಾಮಾಕ್ಸ್ ಮಾತ್ರೆ ಕೊಟ್ಟರು. ಬೆರಳ ತುದಿಗಳೆಲ್ಲ ಜುಮುಜುಮು. ಪ್ರೆಶರ್ ಇಳಿದ ಮೇಲೆ ಗೋನಿಯೋಸ್ಕೋಪಿ ಮಾಡಿದರು.

ಕತ್ತಲೆ ಕೋಣೆ. ಮರಗಟ್ಟುವ ಡ್ರಾಪ್ಸ್ ಹಾಕಿ, ಗದ್ದ ಹಣೆಗಳನ್ನು ಯಂತ್ರಕ್ಕೆ ಆನಿಸಿ, ಒಳಗೆ ಕನ್ನಡಿ ಕೂರಿಸಿದ ಲೆನ್ಸನ್ನು ಕಣ್ಣಿಗೇ ತಾಗಿಸಿ ಹಿಡಿದರು. ನೋವಿಲ್ಲ. ಆದರೆ ರೆಪ್ಪೆ ಮುಚ್ಚಲು ಬಿಡದಿದ್ದಾಗ ಮೈಯೆಲ್ಲ ಬಿಗಿಯಾಯಿತು. "ಉಸಿರು ಹಿಡೀಬೇಡಿ ಅಮ್ಮಾ, ನೇರ ನೋಡಿ," ಎನ್ನುತ್ತ ಡಾಕ್ಟರು ಎರಡೂ ಕಣ್ಣು ನೋಡಿದರು.

ಆಮೇಲೆ ಚಿತ್ರ ಬರೆದು ತೋರಿಸಿದರು. ಕಾರ್ನಿಯಾಕ್ಕೂ ಐರಿಸ್‌ಗೂ ನಡುವಿನ ಕೋನದಲ್ಲಿ ಜಾಲರಿಯೊಂದಿದೆ. ಕಣ್ಣೊಳಗೆ ಊರುವ ನೀರು ಬಹುಪಾಲು ಅದರ ಮೂಲಕವೇ ಹೊರಹೋಗಬೇಕು. ಆ ಕೋನ ಹೊರಗಿನಿಂದ ನೇರವಾಗಿ ಕಾಣುವುದಿಲ್ಲ, ಅದಕ್ಕೇ ಕನ್ನಡಿಯ ಲೆನ್ಸ್. ನನ್ನ ಎಡಗಣ್ಣಿನಲ್ಲಿ ಅದು ಮುಚ್ಚಿತ್ತು. ಒಂದು ದಿನವೂ ನೋಯದ ಬಲಗಣ್ಣಿನಲ್ಲೂ ತೀರಾ ಕಿರಿದಾಗಿತ್ತು. ಮಬ್ಬು ಬೆಳಕಿನಲ್ಲಿ ಪಾಪೆ ಅರಳಿದಾಗ ಐರಿಸ್ ಅಂಚಿಗೆ ಸರಿದು ಕೋನ ಮುಚ್ಚುತ್ತದಂತೆ. ನಿದ್ದೆಯಲ್ಲಿ ಪಾಪೆ ಕುಗ್ಗಿ ದಾರಿ ಬಿಡುತ್ತದಂತೆ. ಸಂಜೆಯ ನೋವಿಗೂ ಬೆಳಗಿನ 18ಕ್ಕೂ ಲೆಕ್ಕ ಸಿಕ್ಕಿತು.

ಲೇಸರಿನಿಂದ ಎರಡೂ ಕಣ್ಣಿನ ಐರಿಸ್‌ನಲ್ಲಿ ಚಿಕ್ಕ ರಂಧ್ರ ಮಾಡಿದರು. ಬಲಗಣ್ಣಿಗೆ ಏನೂ ಆಗಿಲ್ಲ. ಎಡಗಣ್ಣಿನಲ್ಲಿ ಮೂಗಿನ ಕಡೆಯ ನೋಟ ಸ್ವಲ್ಪ ಹೋಗಿದೆ. ನರಕ್ಕೆ ಆದ ಪೆಟ್ಟು, ವಾಪಸ್ಸು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ದಿನಾ ಡ್ರಾಪ್ಸ್ ಹಾಕಿಕೊಳ್ಳುತ್ತೇನೆ.

ಒಡಹುಟ್ಟಿದವರೂ ಕೋನ ತೋರಿಸಿಕೊಳ್ಳಬೇಕು ಎಂದಿದ್ದರು. "ನಂಗೇನಾಗಿದ್ಯೇ, ಸೂಜಿಗೆ ದಾರ ಪೋಣಿಸ್ತೀನಿ," ಎಂದು ಅಕ್ಕ ಗೊಣಗಿದಳು. ನಾನು ಬಿಡಲಿಲ್ಲ. ಅವಳ ಪ್ರೆಶರ್ ಸರಿಯಾಗಿತ್ತು, ಕೋನ ನನ್ನಷ್ಟೇ ಕಿರಿದು. ಅವಳಿಗೂ ಲೇಸರ್ ಮಾಡಿಸಿದೆವು, ನೋವು ಬರುವ ಮೊದಲೇ.