ಬಿಸಿಯೇರಿದ ಗಾಡಿ, ಬಿಸಿಯೇರಿದ ಮನಸ್ಸು

ನಮ್ಮ ರಾಯಚೂರು ಸೀಮೆ ಕೃಷ್ಣೆ ಮತ್ತು ತುಂಗಭದ್ರೆಯರ ನಡುವೆ ಇದೆ. ಎರಡು ನದಿಗಳಿದ್ದರೂ ಬೇಸಿಗೆಯ ಬಿಸಿಲಿನಿಂದ ನಮಗೆ ಬಿಡುಗಡೆಯಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ರಸ್ತೆಯ ಡಾಂಬರು ಮೆತ್ತಗಾಗುತ್ತದೆ, ಮೋಟಾರ್ ಸೈಕಲ್ಲಿನ ಸೀಟು ಕಾದ ಹೆಂಚಿನಂತಾಗುತ್ತದೆ. ಅಂತಹ ಒಂದು ಮಧ್ಯಾಹ್ನ ನಡೆದ ಘಟನೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿದೆ. ಆದರೂ ನನ್ನಂತಹ ತಂದೆಯೊಬ್ಬನಿಗಾದರೂ ಇದರಿಂದ ಪ್ರಯೋಜನವಾಗಬಹುದೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ರಮಝಾನ್ ಉಪವಾಸಗಳು ಮುಗಿದು ಕೆಲವು ವಾರಗಳಾಗಿದ್ದವು. ರಾಯಚೂರಿನಲ್ಲಿರುವ ನನ್ನ ಮಗಳ ಮನೆಗೆ ಹೊಸ ಅಕ್ಕಿಯ ಒಂದು ಚೀಲವನ್ನು ತಲುಪಿಸಬೇಕಿತ್ತು. ಕಲ್ಮಲದಿಂದ ಬಸ್ಸು ಸಿಗುತ್ತದೆ. ಆದರೆ ಬಸ್ಸಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ನನ್ನ ಹಳೆಯ ಮೋಟಾರ್ ಸೈಕಲ್ಲಿನ ಮೇಲೆ ನಾನು, ನನ್ನ ಹಿಂದೆ ಪಿಯುಸಿ ಓದುತ್ತಿರುವ ಮಗ, ನಮ್ಮಿಬ್ಬರ ನಡುವೆ ಅಕ್ಕಿಯ ಚೀಲ. ಹೀಗೆ ಹೊರಟೆವು. ಅದು ಭತ್ತದ ಸುಗ್ಗಿಯ ಕಾಲ. ಮಾನ್ವಿ, ಸಿರವಾರ ಕಡೆಯಿಂದ ಬರುವ ಟ್ರ್ಯಾಕ್ಟರುಗಳು, ಲಾರಿಗಳು ಒಂದರ ಹಿಂದೊಂದು ಸಾಲುಗಟ್ಟಿದ್ದವು. ಊರು ಸೇರಿದ ಮೇಲಂತೂ ಗಂಜ್ ಕಡೆಯ ಇಕ್ಕಟ್ಟಿನಲ್ಲಿ ಹತ್ತು ಹೆಜ್ಜೆ ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ ಹೋಗುವುದು. ಅರ್ಧ ಗಂಟೆಯ ಕಾಲ ಗಾಡಿ ಮೊದಲ ಗೇರನ್ನು ಬಿಡಲೇ ಇಲ್ಲ. ನನ್ನ ಎಡಗೈ ಕ್ಲಚ್ಚನ್ನು ಅರ್ಧ ಹಿಡಿದು ಅರ್ಧ ಬಿಟ್ಟು ಸೋತಿತ್ತು. ಮುಂದಿದ್ದ ಆಟೋದವನ ಮೇಲೆ, ಪಕ್ಕದಲ್ಲಿ ನುಗ್ಗಿದವನ ಮೇಲೆ, ಅಡ್ಡ ಬಂದ ತಳ್ಳುಗಾಡಿಯವನ ಮೇಲೆ ನನ್ನ ನಾಲಗೆ ಒಂದೊಂದಾಗಿ ಹರಿಯುತ್ತಲೇ ಇತ್ತು.

ತೀನ್ ಕಂದೀಲ್ ಇನ್ನೂ ದೂರವಿರುವಾಗಲೇ ಗಾಡಿಯ ಸದ್ದು ಬದಲಾಯಿತು. ಒಳಗೆ ಯಾರೋ ಸಣ್ಣ ಸುತ್ತಿಗೆಯಿಂದ ಬಡಿಯುತ್ತಿರುವಂತೆ ಟಕಟಕ ಶಬ್ದ. ಆಕ್ಸಲರೇಟರ್ ತಿರುಗಿಸಿದರೂ ಶಕ್ತಿಯಿಲ್ಲ. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಇಂಜಿನ್ ಒಮ್ಮೆ ಬಿಗಿದಂತಾಗಿ ಗಾಡಿ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಿಂದಿನಿಂದ ಹಾರ್ನುಗಳ ಗದ್ದಲ. ಕಿಕ್ ಹೊಡೆದರೆ ಪೆಡಲ್ ಅಲುಗಲಿಲ್ಲ. ಚೀಲವನ್ನು ಹಿಡಿದು ಕೆಳಗಿಳಿದ ಮಗ, "ಅಬ್ಬಾ, ಸ್ವಲ್ಪ ಹೊತ್ತು ಬಿಡಿ, ಬಲವಾಗಿ ಹೊಡೆಯಬೇಡಿ," ಎಂದ. ಅಷ್ಟೇ ಸಾಕಾಯಿತು. "ಗೆಳೆಯರ ಜೊತೆ ಊರೆಲ್ಲ ತಿರುಗಿ ಗಾಡಿ ಹಾಳು ಮಾಡಿದವನು ನೀನೇ," ಎಂದು ಕೂಗುತ್ತಾ ಅವನ ಕೆನ್ನೆಗೆ ಹೊಡೆದೆ. ಅಷ್ಟು ಜನರ ನಡುವೆ, ಹದಿನೇಳು ವರ್ಷದ ಮಗನಿಗೆ.

ಅವನು ಏನನ್ನೂ ಹೇಳಲಿಲ್ಲ. ಚೀಲವನ್ನು ಮತ್ತೆ ಸೀಟಿನ ಮೇಲಿಟ್ಟು, ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯಿಂದ ಗಾಡಿಯನ್ನು ಹಿಂದಿನಿಂದ ತಳ್ಳತೊಡಗಿದ.

ಸಮೀಪದ ಗಲ್ಲಿಯಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರ ಅಂಗಡಿಯಿತ್ತು. ಅವರು ಗಾಡಿಯನ್ನು ಮುಟ್ಟಲೂ ಅವಸರಪಡಲಿಲ್ಲ. ನಾನು ಬಾಟಲಿಯ ನೀರನ್ನು ಇಂಜಿನ್ ಮೇಲೆ ಸುರಿಯಲು ಹೋದಾಗ ಮಾತ್ರ ತಡೆದರು. "ಬ್ಯಾಡ್ರಿ ಮಾಸ್ತರ್, ಕಾದ ಬ್ಲಾಕಿಗೆ ತಣ್ಣೀರು ಹಾಕಿದ್ರೆ ಸೀಳ್ತದ. ನೆರಳಿನಾಗ ನಿಂದರಲಿ," ಎಂದರು. ಅರ್ಧ ಗಂಟೆಯ ನಂತರ ಆಯಿಲ್ ಮುಚ್ಚಳ ಬಿಚ್ಚಿ, ಅದಕ್ಕಿರುವ ಕಡ್ಡಿಯನ್ನು ಒರೆಸಿ, ಒಳಗಿಟ್ಟು ತೆಗೆದು ನನ್ನ ಮುಂದೆ ಹಿಡಿದರು. ಕಡ್ಡಿಯ ತುದಿಗೆ ಮಾತ್ರ ಏನೋ ಕಪ್ಪಗೆ ಅಂಟಿತ್ತು, ಕಾಡಿಗೆಯಂತೆ. "ಆಯಿಲ್ ಯಾವಾಗ ಹಾಕಿಸಿದ್ರಿ?"

ನನಗೆ ಉತ್ತರ ಗೊತ್ತಿತ್ತು. ಚಳಿಗಾಲದ ಮೊದಲು ಹಾಕಿಸಿದ್ದು. ರಮಝಾನಿಗೆ ಮುಂಚೆ ಮಗ ಒಮ್ಮೆ, "ಅಬ್ಬಾ, ಗಾಡಿಯ ಸದ್ದು ಸರಿಯಿಲ್ಲ, ಆಯಿಲ್ ನೋಡಿಸೋಣ," ಎಂದಿದ್ದ. ಈದ್ ಆದ ಮೇಲೆ ಮತ್ತೊಮ್ಮೆ ಹೇಳಿದ್ದ. ಎರಡೂ ಸಲ ನಾನು, "ಬರುವ ತಿಂಗಳು ನೋಡೋಣ, ನೀನು ಓದಿನ ಕಡೆ ಗಮನ ಕೊಡು," ಎಂದು ಗದರಿದ್ದೆ. ಸಿಲಿಂಡರಿನ ರೆಕ್ಕೆಗಳ ಸಂದಿನಲ್ಲಿ ಎರೆಮಣ್ಣು ಗಟ್ಟಿಯಾಗಿ ಕೂತಿತ್ತು. ಅದು ನಾನೇ ಗದ್ದೆಗೆ ಹೋಗಿಬಂದು ತೊಳೆಯದೆ ಬಿಟ್ಟ ಮಣ್ಣು.

ಮೇಸ್ತ್ರಿ ಹೇಳಿದ್ದನ್ನೂ, ಅನಂತರ ನಾನು ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ಇದು ನಮ್ಮಲ್ಲಿ ಬಹುತೇಕರಿಗೆ ಗೊತ್ತಿರಬೇಕಾದ ವಿಷಯ. ಪೆಟ್ರೋಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದದ್ದೆಲ್ಲ ಬಿಸಿಯಾಗಿ ಹೊರಗೆ ಹೋಗಬೇಕು. ಒಳಗೆ ಉರಿಯುವ ಅನಿಲದ ಉಷ್ಣಾಂಶ ಕ್ಷಣಮಾತ್ರಕ್ಕೆ 2000 ಡಿಗ್ರಿಯ ಹತ್ತಿರ ಹೋಗುತ್ತದೆ. ಅದರ ಕೆಳಗೆ ಓಡಾಡುವ ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಹಾಗಿದ್ದೂ ಪಿಸ್ಟನ್ ಕರಗದೆ ಉಳಿಯುವುದು ಬಿಸಿಯು ಎಡೆಬಿಡದೆ ಹೊರಹೋಗುತ್ತಿರುವುದರಿಂದ. ಅದನ್ನು ಹೊರಗೊಯ್ಯುವವು ಮುಖ್ಯವಾಗಿ ಎರಡು. ಒಂದು, ರೆಕ್ಕೆಗಳ ನಡುವೆ ಬೀಸುವ ಗಾಳಿ. ಇನ್ನೊಂದು, ಒಳಗೆ ಹರಿದಾಡುವ ಎಣ್ಣೆ.

ಗಾಳಿಯಿಂದ ತಂಪಾಗುವ ಇಂಜಿನ್ನಿಗೆ ಓಟವೇ ಬೀಸಣಿಗೆ. ತೆರೆದ ರಸ್ತೆಯಲ್ಲಿ ಓಡುವಾಗ ಗಾಳಿ ತಾನಾಗಿ ಸಿಗುತ್ತದೆ. ದಟ್ಟಣೆಯಲ್ಲಿ ನಿಂತಾಗ ಇಂಜಿನ್ ಉರಿಯುತ್ತಲೇ ಇರುತ್ತದೆ, ಆದರೆ ಬೀಸಣಿಗೆ ನಿಂತಿರುತ್ತದೆ. ಸುತ್ತಲಿನ ಗಾಳಿಯೇ 42 ಡಿಗ್ರಿ ಇದ್ದರೆ ಅದು ತಣಿಸುವುದಾದರೂ ಎಷ್ಟು? ಅರ್ಧ ಒತ್ತಿದ ಕ್ಲಚ್ಚಿನ ತಟ್ಟೆಗಳು ಉಜ್ಜಿ ಇನ್ನಷ್ಟು ಬಿಸಿ ಹುಟ್ಟಿಸುತ್ತವೆ. ಕಾದ ಎಣ್ಣೆ ನೀರಿನಂತೆ ತೆಳುವಾಗುತ್ತದೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಅಂತರ ಒಂದು ಕೂದಲೆಳೆಗಿಂತ ಕಡಿಮೆ. ಕಾದಾಗ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಪಿಸ್ಟನ್ ಸಿಲಿಂಡರಿನ ಗೋಡೆಗೆ ತಾಗುತ್ತದೆ. ನಡುವೆ ಎಣ್ಣೆಯ ಪದರವಿಲ್ಲದಿದ್ದರೆ ಲೋಹ ಲೋಹವನ್ನು ಕಚ್ಚಿ ಹಿಡಿಯುತ್ತದೆ. ಮೇಸ್ತ್ರಿಗಳು ಸೀಜ್ ಆಯಿತು ಎನ್ನುವುದು ಇದಕ್ಕೇ.

ನಮ್ಮ ಗಾಡಿಯ ಸಿಲಿಂಡರಿನಲ್ಲಿ ಗೀರುಗಳು ಬಿದ್ದಿದ್ದವು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಬೇಕು, ಮೂರು ದಿನ ಬೇಕು ಎಂದರು. ಆಮೇಲೆ ಮಗನ ಕಡೆ ಒಮ್ಮೆ ನೋಡಿ, ಮೆಲ್ಲಗೆ, "ಹುಡುಗರು ಓಡಿಸಿದ್ದಕ್ಕ ಆಗಿದ್ದಲ್ಲರಿ ಇದು. ನೋಡದೆ ಬಿಟ್ಟಿದ್ದಕ್ಕ ಆಗಿದ್ದು," ಎಂದರು. ಬಹುಶಃ ಗಲ್ಲಿಯ ಬಾಯಿಯಿಂದ ಅವರು ನಮ್ಮನ್ನು ನೋಡಿದ್ದಿರಬೇಕು.

ಅಷ್ಟರಲ್ಲಿ ಝುಹ್ರ್ ಅಝಾನ್ ಕೇಳಿಸಿತು. ಮಸೀದಿಯ ನಲ್ಲಿಯ ಕೆಳಗೆ ಕುಳಿತು ವುಝೂ ಮಾಡುತ್ತಿದ್ದಾಗ ಕೈ ನಡುಗುತ್ತಿತ್ತು. ಕೋಪವು ಶೈತಾನನಿಂದ ಬರುತ್ತದೆ, ಶೈತಾನನು ಬೆಂಕಿಯಿಂದ ಸೃಷ್ಟಿಯಾದವನು, ಬೆಂಕಿಯನ್ನು ಆರಿಸುವುದು ನೀರು, ಆದ್ದರಿಂದ ಕೋಪ ಬಂದವನು ವುಝೂ ಮಾಡಲಿ ಎಂಬ ಅರ್ಥದ ಪ್ರವಾದಿವಚನವೊಂದು ಅಬೂದಾವೂದ್ ಸಂಗ್ರಹದಲ್ಲಿದೆ. ನಿಂತಿರುವಾಗ ಕೋಪ ಬಂದರೆ ಕುಳಿತುಕೊಳ್ಳಬೇಕು, ಆಗಲೂ ಹೋಗದಿದ್ದರೆ ಮಲಗಬೇಕು ಎಂಬ ಉಪದೇಶವೂ ಅದೇ ಸಂಗ್ರಹದಲ್ಲಿದೆ. ಇವನ್ನೆಲ್ಲ ನಾನು ಮಕ್ಕಳಿಗೆ ಹೇಳಿಕೊಟ್ಟವನು. ಮುಖಕ್ಕೆ ಹೊಡೆಯುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆಂದು ಪಾಠ ಮಾಡಿದವನೂ ನಾನೇ. ಆ ಬಾಯಿಯೂ ಈ ಕೈಯೂ ಒಂದೇ ಶರೀರದವು ಎಂದು ನೆನೆದಾಗ ತಲೆ ಎತ್ತಲಾಗಲಿಲ್ಲ.

ಸುಜೂದ್‌ನಲ್ಲಿದ್ದಾಗ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಹದೀಸ್. ದಿವಾಳಿಯಾದವನು ಯಾರೆಂದು ಪ್ರವಾದಿವರ್ಯರು(ಸ) ಒಮ್ಮೆ ಸಂಗಾತಿಗಳನ್ನು ಕೇಳಿದರು. ಹಣವೂ ಸರಕೂ ಇಲ್ಲದವನು ಎಂದು ಅವರು ಉತ್ತರಿಸಿದರು. ನಮಾಝ್, ಉಪವಾಸ, ಝಕಾತ್‌ಗಳನ್ನು ಹೊತ್ತು ಅಂತ್ಯದಿನದಂದು ಬರುವವನೊಬ್ಬನಿರುತ್ತಾನೆ. ಆದರೆ ಅವನು ಒಬ್ಬನನ್ನು ಬೈದಿರುತ್ತಾನೆ, ಇನ್ನೊಬ್ಬನ ಮೇಲೆ ಆರೋಪ ಹೊರಿಸಿರುತ್ತಾನೆ, ಮತ್ತೊಬ್ಬನಿಗೆ ಹೊಡೆದಿರುತ್ತಾನೆ. ಅವನ ಸತ್ಕರ್ಮಗಳನ್ನೆಲ್ಲ ಅವರಿಗೆ ಹಂಚಲಾಗುತ್ತದೆ. ನಿಜವಾದ ದಿವಾಳಿ ಅವನೇ ಎಂದು ಪ್ರವಾದಿವರ್ಯರು(ಸ) ವಿವರಿಸಿದರು (ಮುಸ್ಲಿಮ್). ನಾನು ಒಂದು ತಿಂಗಳು ಉಪವಾಸವಿದ್ದೆ, ರಾತ್ರಿ ತರಾವೀಹ್‌ನಲ್ಲಿ ನಿಂತಿದ್ದೆ. ಇಂದು ಒಂದೇ ರಸ್ತೆಯಲ್ಲಿ, ಅರ್ಧ ಗಂಟೆಯಲ್ಲಿ, ಆಟೋದವನನ್ನು ಬೈದೆ, ಮಗನ ಮೇಲೆ ಸುಳ್ಳು ಆರೋಪ ಹೊರಿಸಿದೆ, ಅವನಿಗೆ ಹೊಡೆದೆ. ಮೂರೂ ಆದವು. ಉಪವಾಸಿಗನೊಡನೆ ಯಾರಾದರೂ ಜಗಳಕ್ಕೆ ಬಂದರೆ ತಾನು ಉಪವಾಸಿಗನೆಂದು ಹೇಳಿ ಸುಮ್ಮನಾಗಬೇಕೆಂದು ಕಲಿಸಲಾಗಿದೆ (ಬುಖಾರಿ, ಮುಸ್ಲಿಮ್). ಆ ತರಬೇತಿ ಶವ್ವಾಲ್ ತಿಂಗಳಿಗೇ ಮುಗಿದುಹೋಗುವಂತಹದ್ದೇ?

ಪವಿತ್ರ ಕುರ್‌ಆನಿನ ಆಲು ಇಮ್ರಾನ್ ಅಧ್ಯಾಯದ 134ನೆಯ ಸೂಕ್ತವು ಧರ್ಮನಿಷ್ಠರ ಗುಣಗಳನ್ನು ಎಣಿಸುವಾಗ ಕೋಪವನ್ನು ನುಂಗಿಕೊಳ್ಳುವವರನ್ನೂ ಜನರನ್ನು ಕ್ಷಮಿಸುವವರನ್ನೂ ಹೆಸರಿಸುತ್ತದೆ. ಅಲ್ಲಿ ಬಳಕೆಯಾಗಿರುವ ಅರಬಿ ಪದದ ಮೂಲದಲ್ಲಿ, ತುಂಬಿದ ನೀರಿನ ಚರ್ಮದ ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟುವ ಅರ್ಥವಿದೆ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಚೀಲ ತುಂಬಿದೆ, ಆದರೆ ಬಾಯಿ ಕಟ್ಟಿದೆ, ಹೊರಗೆ ಒಂದು ಹನಿಯೂ ಚೆಲ್ಲುವುದಿಲ್ಲ. ಮನುಷ್ಯನಿಗೆ ಕೋಪವೇ ಬರಬಾರದೆಂದು ಇಲ್ಲಿ ಹೇಳಿಲ್ಲ. ಇಂಜಿನ್ನಿನಲ್ಲಿ ಬೆಂಕಿ ಇರಲೇಬೇಕು, ಇಲ್ಲದಿದ್ದರೆ ಅದು ಓಡುವುದಿಲ್ಲ. ಆ ಬೆಂಕಿಯ ಬಿಸಿ ಮಿತಿಮೀರದಂತೆ ಎಣ್ಣೆಯನ್ನೂ ಗಾಳಿಯನ್ನೂ ಒದಗಿಸುವುದು ಗಾಡಿಯ ಒಡೆಯನ ಹೊಣೆ. ಸದ್ದು ಬದಲಾದಾಗ ಕಿವಿಗೊಡುವುದೂ ಅವನದೇ ಹೊಣೆ. ನಾನು ಗಾಡಿಯ ಸದ್ದಿಗೂ ಕಿವಿಗೊಡಲಿಲ್ಲ, ಮಗನ ಮಾತಿಗೂ ಕಿವಿಗೊಡಲಿಲ್ಲ.

ಮದೀನಾದ ತೋಟವೊಂದರಲ್ಲಿ ಒಂಟೆಯೊಂದು ಪ್ರವಾದಿವರ್ಯರನ್ನು(ಸ) ಕಂಡು ಕಣ್ಣೀರು ಸುರಿಸಿದ ಘಟನೆ ಅಬೂದಾವೂದ್‌ನಲ್ಲಿದೆ. ಅವರು ಅದರ ತಲೆ ಸವರಿ ಸಮಾಧಾನಪಡಿಸಿದರು. ಅದರ ಒಡೆಯನನ್ನು ಕರೆಸಿ, ಹೊಟ್ಟೆಗೆ ಕೊಡದೆ ಅತಿಯಾಗಿ ದುಡಿಸುತ್ತಿರುವುದನ್ನು ಖಂಡಿಸಿ, ಅಲ್ಲಾಹನನ್ನು ಭಯಪಡಲು ಹೇಳಿದರು. ಗಾಡಿಗೆ ಜೀವವಿಲ್ಲ, ನೋವಿಲ್ಲ, ನಿಜ. ಆದರೆ ಸವಾರಿ ಎಂಬುದು ಅಲ್ಲಾಹನು ನಮಗೆ ವಶಪಡಿಸಿಕೊಟ್ಟ ಅನುಗ್ರಹ. ವಾಹನವೇರುವಾಗ ನಾವು ಪಠಿಸುವ ದುಆದಲ್ಲಿಯೇ ಇದನ್ನು ಒಪ್ಪಿಕೊಳ್ಳುತ್ತೇವೆ. ಬಾಯಿಯಿಂದ ಒಪ್ಪಿಕೊಂಡ ಮೇಲೆ ಕೈಯಿಂದ ಕೆಡಿಸಬಾರದು. ಅದರ ಮೇಲೆ ಕುಳಿತ ಮಗನಿಗಂತೂ ಜೀವವೂ ಇದೆ, ಮಾನವೂ ಇದೆ. ಅನಸ್(ರ) ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆ ಮಾಡಿದರು. ಒಮ್ಮೆಯೂ ಅವರಿಂದ ಛೀ ಎಂಬ ಮಾತು ಕೇಳಲಿಲ್ಲವೆಂದು ಮುಂದೆ ಅವರೇ ನೆನೆದುಕೊಂಡಿದ್ದಾರೆ (ಬುಖಾರಿ, ಮುಸ್ಲಿಮ್). ಸೇವೆಗೆ ಸೇರಿದಾಗ ಅವರು ಇನ್ನೂ ಬಾಲಕ.

ನಮಾಝ್ ಮುಗಿಸಿ ಹೊರಬಂದಾಗ ಮಗ ಅಂಗಡಿಯ ಮುಂದೆ ಅಕ್ಕಿಯ ಚೀಲದ ಪಕ್ಕ ನಿಂತಿದ್ದ. ನಾನು ನಮಾಝ್ ಮಾಡುತ್ತಿದ್ದಾಗ ಅವನೂ ಹಿಂದಿನ ಸಾಲಿನಲ್ಲಿ ಇದ್ದನಂತೆ, ನನಗೆ ಗೊತ್ತಾಗಿರಲಿಲ್ಲ. ಮೇಸ್ತ್ರಿ, ಅವರ ಇಬ್ಬರು ಹುಡುಗರು, ಎದುರಿನ ಚಹಾ ಅಂಗಡಿಯವರು ಎಲ್ಲರೂ ಅಲ್ಲಿದ್ದರು. ಮನೆಗೆ ಹೋಗಿ ಹೇಳಿದರಾಯಿತು ಎಂದು ಮನಸ್ಸು ಹೇಳಿತು. ಆದರೆ ಹೊಡೆದದ್ದು ಜನರ ಮುಂದೆ, ಕ್ಷಮೆ ಮಾತ್ರ ಕತ್ತಲೆಯಲ್ಲೇ? "ಬೇಟಾ, ತಪ್ಪು ನನ್ನದು. ನೀನು ಎರಡು ಸಲ ಹೇಳಿದ್ದೆ. ನನ್ನನ್ನು ಕ್ಷಮಿಸು," ಎಂದೆ. ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಅವನು ನೆಲ ನೋಡುತ್ತಾ ನಿಂತಿದ್ದ. ಬಳಿಕ ಚಹಾ ಅಂಗಡಿಯಿಂದ ಒಂದು ಲೋಟ ನೀರು ತಂದು, "ಮೊದಲು ನೀರು ಕುಡಿಯಿರಿ ಅಬ್ಬಾ," ಎಂದ.

ಇದರೊಂದಿಗೆ ಎಲ್ಲವೂ ಸರಿಯಾಯಿತೆಂದು ಹೇಳಿದರೆ ಸುಳ್ಳಾದೀತು. ಗಾಡಿ ಮೂರು ದಿನಗಳಲ್ಲಿ ರಿಪೇರಿಯಾಯಿತು. ಮಗ ಮಾತ್ರ ಹಲವು ವಾರ ನನ್ನ ಹಿಂದೆ ಕೂರಲಿಲ್ಲ, ಬಸ್ಸಿನಲ್ಲೇ ಹೋಗಿ ಬರುತ್ತಿದ್ದ. ನಾನೂ ಒತ್ತಾಯಿಸಲಿಲ್ಲ. ಲೋಹದ ಗೀರನ್ನು ಬೋರ್ ಮಾಡಿ ತೆಗೆಯಬಹುದು, ಮನಸ್ಸಿನ ಗೀರಿಗೆ ಕಾಲವೂ ನಡತೆಯೂ ಬೇಕು. ಈಗ ಪ್ರತಿ ಶುಕ್ರವಾರ ಬೆಳಿಗ್ಗೆ, ಜುಮಾಕ್ಕೆ ಸ್ನಾನ ಮಾಡುವ ಮೊದಲು, ನಾವಿಬ್ಬರೂ ಅಂಗಳದಲ್ಲಿ ಕುಳಿತು ಆಯಿಲ್ ಕಡ್ಡಿ ನೋಡುತ್ತೇವೆ, ರೆಕ್ಕೆಗಳ ಮಣ್ಣು ತೆಗೆಯುತ್ತೇವೆ. ಮೊದಲ ಶುಕ್ರವಾರ ಅವನು ದೂರ ನಿಂತು ನೋಡಿದ. ಎರಡನೆಯ ಶುಕ್ರವಾರ ಬಟ್ಟೆಯ ಚೂರು ತಂದುಕೊಟ್ಟ. ಮೂರನೆಯ ಶುಕ್ರವಾರ ಕಡ್ಡಿಯನ್ನು ಅವನೇ ತೆಗೆದ.

ಬಿಸಿಲಿನಲ್ಲಿ ಗಾಡಿ ಓಡಿಸುವ ಸಹೋದರರಲ್ಲಿ, ಸಹೋದರಿಯರಲ್ಲಿ ಒಂದೆರಡು ವಿನಂತಿ. ಕಂಪನಿಯ ಪುಸ್ತಕದಲ್ಲಿ ಹೇಳಿದ ಆಯಿಲನ್ನು ಹೇಳಿದ ಸಮಯಕ್ಕೆ ಹಾಕಿಸಿ. ದೀರ್ಘವಾಗಿ ನಿಲ್ಲಬೇಕಾದಾಗ ಇಂಜಿನ್ ಆರಿಸಿ. ಕ್ಲಚ್ಚನ್ನು ಅರ್ಧ ಹಿಡಿದು ತೆವಳಬೇಡಿ. ಹೊರಲಾರದ ಭಾರ ಹೇರಬೇಡಿ. ಸದ್ದು ಬದಲಾದರೆ, ಸುಟ್ಟ ವಾಸನೆ ಬಂದರೆ ನೆರಳು ಕಂಡಲ್ಲಿ ನಿಲ್ಲಿಸಿ, ತಾನಾಗಿ ತಣಿಯಲು ಬಿಡಿ. ಬಿಸಿಲು ತೀವ್ರವಾದಾಗ ಝುಹ್ರ್ ನಮಾಝನ್ನೇ ಹೊತ್ತು ತಂಪಾಗುವವರೆಗೆ ತಡಮಾಡಲು ಪ್ರವಾದಿವರ್ಯರು(ಸ) ಹೇಳಿದ್ದಾರೆ (ಬುಖಾರಿ, ಮುಸ್ಲಿಮ್). ನಮಾಝಿಗೇ ಇಷ್ಟು ರಿಯಾಯಿತಿಯಿದ್ದರೆ, ಅಕ್ಕಿಯ ಚೀಲವೊಂದು ಸಂಜೆಗೆ ತಲುಪಿದರೆ ಏನಾಗುತ್ತಿತ್ತು?

ನಮ್ಮ ಕೋಪದ ಬಾಯಿಯನ್ನು ಕಟ್ಟುವ ಶಕ್ತಿಯನ್ನೂ, ತಪ್ಪಿದಾಗ ನಮ್ಮ ಮಕ್ಕಳ ಮುಂದೆಯೂ ಒಪ್ಪಿಕೊಳ್ಳುವ ವಿನಯವನ್ನೂ ಅಲ್ಲಾಹನು ನಮ್ಮೆಲ್ಲರಿಗೆ ಅನುಗ್ರಹಿಸಲಿ. ನಮ್ಮ ರಮಝಾನಿನ ಸಂಪಾದನೆಯನ್ನು ರಸ್ತೆಯ ಮೇಲೆ ಚೆಲ್ಲಿಕೊಳ್ಳದಂತೆ ಅವನು ನಮ್ಮನ್ನು ಕಾಪಾಡಲಿ. ಆಮೀನ್.