ಬ್ಯಾಂಡು ಕೇಳಿಬಂದ ದಿನ

ಸಂಗೀತದ ಅಭಿಮಾನಿಗಳು ನಮ್ಮ ನಾಡಿನಲ್ಲಿ ಬೇಕಾದಷ್ಟು ಮಂದಿ ಇರುವರು. ಒಬ್ಬರಿಗೆ ವೀಣೆ, ಒಬ್ಬರಿಗೆ ಪಿಟೀಲು. ಮನೆಯ ಮಕ್ಕಳಿಗೆ ಗಿಟಾರು ಹಿಡಿದು ಕುಣಿಯುವ ತರುಣರ ಮೇಳ. ಅವರವರು ತಮಗೆ ಪ್ರಿಯರಾದವರ ಹೆಸರನ್ನು ಹೇಳುವಾಗ ಮುಖವರಳುವುದನ್ನು ನಾವು ಕಂಡಿದ್ದೇವೆ. ನಮ್ಮ ಅಭಿಮಾನವಾದರೋ ಕೊಂಚ ವಿಲಕ್ಷಣವಾದುದು. ನಾವು ಮೈಸೂರಿನ ಪೊಲೀಸ್ ಬ್ಯಾಂಡಿನ ಭಕ್ತರು. ಅದರಲ್ಲಿ ನುಡಿಸುವವರ ಪೈಕಿ ಒಬ್ಬರ ಹೆಸರನ್ನಾದರೂ ಹೇಳಿರೆಂದರೆ ನಮ್ಮಿಂದಾಗದು. ಸಮವಸ್ತ್ರ, ಟೋಪಿ, ಮಿನುಗುವ ಹಿತ್ತಾಳೆ. ಅದರ ಹಿಂದೆ ಇರುವವನು ಯಾರೋ ಒಬ್ಬ ಪೇದೆ. ಆತನು ಚೆನ್ನಾಗಿ ನುಡಿಸಿದನೆಂದು ಮಾರನೆಯ ದಿನ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಚೆನ್ನಾಗಿ ನುಡಿಸದಿದ್ದರೆ ಮಾತ್ರ ಪಕ್ಕದವನಿಗೆ ಗೊತ್ತಾಗುತ್ತದೆ.

ದಬ್ಬೇಘಟ್ಟದಂಥ ಊರಿನವರಿಗೆ ಈ ಗೀಳು ಎಲ್ಲಿಂದ ಹತ್ತಿತೆಂದು ಕೆಲವರು ಕೇಳುವುದುಂಟು. ನಮ್ಮ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯ ಸೀಮೆಯೆಲ್ಲ ತೆಂಗಿನ ತೋಟ. ಮದುವೆಗೆ ಓಲಗ, ದೇವರ ಉತ್ಸವಕ್ಕೆ ಓಲಗ. ಅನುಕೂಲವಿದ್ದವರು ಮೆರವಣಿಗೆಗೆ ಬ್ಯಾಂಡನ್ನೂ ಕರೆಸುವರು. ಆ ಬ್ಯಾಂಡಿನವರು ಸಿನಿಮಾ ಹಾಡು ನುಡಿಸುತ್ತ, ನಡುವೆ ಒಂದು ಕೀರ್ತನೆಯನ್ನು ನುಡಿಸಿಬಿಟ್ಟರೆ ಚಿಕ್ಕಂದಿನಲ್ಲಿ ನಮಗೆ ಮೈ ಜುಮ್ಮೆನ್ನುತ್ತಿತ್ತು. ಮುಂದೆ ಒಂದು ದಸರೆಯಲ್ಲಿ ಅರಮನೆಯ ಮುಂದೆ ದೊಡ್ಡ ಬ್ಯಾಂಡನ್ನು ಕೇಳಿದೆವು. ಅಲ್ಲಿಗೆ ಮುಗಿಯಿತು.

ಈ ಬ್ಯಾಂಡು ನಿನ್ನೆ ಮೊನ್ನೆಯದಲ್ಲ. ಒಡೆಯರ ಕಾಲದಲ್ಲಿ ಅರಮನೆಗೆ ಎರಡು ಬ್ಯಾಂಡುಗಳಿದ್ದವು: ಒಂದು ಇಂಗ್ಲಿಷ್ ಬ್ಯಾಂಡು, ಇನ್ನೊಂದು ಕರ್ನಾಟಕ ಬ್ಯಾಂಡು. 1940ರಲ್ಲಿ ತೀರಿಕೊಂಡ ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲುಗಳ ಜೊತೆಗೆ ಪಿಯಾನೋ, ಸ್ಯಾಕ್ಸೊಫೋನುಗಳನ್ನೂ ನುಡಿಸಬಲ್ಲವರೆಂದು ಪ್ರಸಿದ್ಧಿ. ಆಟೋ ಶ್ಮಿಟ್ ಎಂಬ ಜರ್ಮನ್ ದೇಶದ ವಿದ್ವಾಂಸನು ಅರಮನೆಯ ವಾದ್ಯಗಾರರನ್ನು ತರಬೇತು ಮಾಡಿದನು. ಅವರ ಬಳಿಕ ಬಂದ ಜಯಚಾಮರಾಜ ಒಡೆಯರಂತೂ ಕೃತಿಗಳನ್ನು ರಚಿಸುತ್ತಲೇ ಪಾಶ್ಚಾತ್ಯ ಸಂಗೀತದಲ್ಲಿಯೂ ಪದವಿ ಪಡೆದವರು. ರಾಜ್ಯ ಹೋದರೂ ಬ್ಯಾಂಡು ಉಳಿಯಿತು. ಅರಮನೆಯಿಂದ ಪೊಲೀಸ್ ಇಲಾಖೆಗೆ ಸೇರಿ, ಈಗಲೂ ಇಂಗ್ಲಿಷ್, ಕರ್ನಾಟಕ ಎಂಬ ಎರಡು ಕವಲುಗಳಲ್ಲಿ ನಡೆದಿದೆ. ಕರ್ನಾಟಕ ಬ್ಯಾಂಡಿನವರು ಕ್ಲಾರಿಯೊನೆಟ್ಟು, ಸ್ಯಾಕ್ಸೊಫೋನುಗಳಲ್ಲಿ ತ್ಯಾಗರಾಜರ ಕೃತಿಯನ್ನು ನುಡಿಸುವುದನ್ನು ಕೇಳಬೇಕು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗನೊಬ್ಬನು ಬಾಲ್ಯದಲ್ಲಿ ಮೈಸೂರಿಗೆ ಬಂದಾಗ ಈ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ, ತಾನೂ ಅದನ್ನೇ ಕಲಿಯುವೆನೆಂದು ಹಟ ಹಿಡಿದನು. ಆತನೇ ಮುಂದೆ ಕದ್ರಿ ಗೋಪಾಲನಾಥರೆಂದು ಲೋಕಪ್ರಸಿದ್ಧರಾದವರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿ, 2019ರಲ್ಲಿ ತೀರಿಕೊಂಡರು. ಹೆಸರಿಲ್ಲದ ಒಬ್ಬ ಬ್ಯಾಂಡಿನವನು ಯಾರ ಕಿವಿಯಲ್ಲಿ ಯಾವ ಬೀಜ ಬಿತ್ತುವನೆಂದು ಹೇಳಬಲ್ಲವರು ಯಾರು?

ಇಷ್ಟನ್ನೆಲ್ಲ ನಾವು ಎಷ್ಟು ಸಲ ಹೇಳಿದರೂ ನಮ್ಮ ದೊಡ್ಡಪ್ಪನವರು ಒಪ್ಪಿದವರಲ್ಲ. ಅವರು ಆಕಾಶವಾಣಿಯ ಕಾಲದ ರಸಿಕರು. ಸಂಜೆಯಾದರೆ ಜಗುಲಿಯಲ್ಲಿ ರೇಡಿಯೋ ಇಟ್ಟುಕೊಂಡು, ವಿದ್ವಾಂಸರು ಒಂದು ಸಂಗತಿಯನ್ನು ಹಾಕುವ ಮೊದಲೇ ತಾವು ತೊಡೆಯ ಮೇಲೆ ಹಾಕುತ್ತಿದ್ದರು. "ಬ್ಯಾಂಡಿನಲ್ಲಿ ಗಮಕವೆಲ್ಲಿದೆಯಪ್ಪ? ನಲವತ್ತು ಜನ ಸೇರಿ ಒಂದು ಗಾಂಧಾರವನ್ನು ಅಲುಗಿಸುವುದೆಂದರೇನು, ತೇರು ಎಳೆದ ಹಾಗೆ!" ಎಂದು ನಗುವರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ನಾಗಸ್ವರದವನು ತುಟಿಯ ಒತ್ತಡದಿಂದ, ಅರೆಮುಚ್ಚಿದ ರಂಧ್ರದಿಂದ ಸ್ವರವನ್ನು ತೂಗಬಲ್ಲ. ಕೀಲಿಗಳಿರುವ ವಾದ್ಯದಲ್ಲಿ ಸ್ವರಗಳು ಮೆಟ್ಟಿಲುಗಳಂತೆ ನಿಂತಿರುವುವು. ಒಬ್ಬನು ಕಷ್ಟಪಟ್ಟು ಜಾರಿಸಿದರೂ ನಲವತ್ತು ಮಂದಿ ಒಂದೇ ಅಳತೆಯಲ್ಲಿ ಜಾರಿಸುವುದು ಸುಲಭವಲ್ಲ. ಆದುದರಿಂದ ಬ್ಯಾಂಡಿನವರು ಕೃತಿಯನ್ನು ಕೊಂಚ ನೆಟ್ಟಗೆ ಮಾಡಿಕೊಳ್ಳುವರು. ನಮಗೆ ಆ ನೆಟ್ಟಗಿನ ರೂಪವೇ ಪ್ರಿಯ. ಮನೆಯಲ್ಲಿ ವರ್ಷಗಟ್ಟಲೆ ನಡೆದ ಈ ವ್ಯಾಜ್ಯದಲ್ಲಿ ದೊಡ್ಡಮ್ಮನವರು ಯಾವ ಪಕ್ಷಕ್ಕೂ ಸೇರದೆ ಕಾಫಿ ಕೊಡುತ್ತಿದ್ದರು.

ವ್ಯಾಜ್ಯ ತಾನಾಗಿಯೇ ನಿಂತುಹೋಯಿತು. ದೊಡ್ಡಪ್ಪನವರಿಗೆ ಕಿವಿ ಮಂದವಾಯಿತು. ಅದು ಮೊದಲು ಗೊತ್ತಾದುದು ಅಟ್ಟದ ಮೇಲೆ. ನಮ್ಮ ಕಡೆಯಲ್ಲಿ ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುವರು. ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು ಉಂಡೆ ಕೊಬ್ಬರಿಯಾಗುವುದು. ಆಯಿತೋ ಇಲ್ಲವೋ ಎಂಬುದಕ್ಕೆ ಕಿವಿಯೇ ಸಾಕ್ಷಿ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಣಗಿದುದು ಗಡಗಡ ಎನ್ನುವುದು. ಈ ಪರೀಕ್ಷೆಯಲ್ಲಿ ದೊಡ್ಡಪ್ಪನವರನ್ನು ಮೀರಿಸಿದವರು ಊರಿನಲ್ಲಿ ಇರಲಿಲ್ಲ. ಒಂದು ವರ್ಷ ಅವರು ಒಂದೊಂದು ಕಾಯನ್ನೂ ಅಲ್ಲಾಡಿಸಿ, "ಇನ್ನೂ ಆಗಿಲ್ಲ, ಇದೂ ಆಗಿಲ್ಲ," ಎಂದು ಬದಿಗಿಡುತ್ತಿದ್ದರು. ಕೆಳಗೆ ನಿಂತಿದ್ದ ನಮಗೆ ಕಾಯಿಯ ಸದ್ದು ಚೆನ್ನಾಗಿ ಕೇಳುತ್ತಿತ್ತು. ಯಾರೂ ಮಾತನಾಡಲಿಲ್ಲ.

ವೈದ್ಯರು ಕಿವಿಗೆ ಯಂತ್ರ ಕೊಟ್ಟರು. ಮಾತಿಗೆ ಅದರಿಂದ ಉಪಕಾರವಾಯಿತು, ಸಂಗೀತಕ್ಕೆ ಆಗಲಿಲ್ಲ. ಆ ಯಂತ್ರಗಳು ಮುಖ್ಯವಾಗಿ ಮಾತಿಗಾಗಿ ಮಾಡಿದವು. ತಂಬೂರಿಯ ಶ್ರುತಿಯೂ ಅದರಲ್ಲಿ ತಗಡು ಬಡಿದಂತಾಗುವುದೆಂದು ಅವರು ಹೇಳುತ್ತಿದ್ದರು. ಮುಪ್ಪಿನಲ್ಲಿ ಮೊದಲು ಹೋಗುವುದು ಮೇಲಿನ ಸ್ಥಾಯಿಯ ಸಣ್ಣ ನಾದ. ಮಂದ್ರದ ನಾದ ಬಹುಕಾಲ ಉಳಿಯುವುದು. ದೊಡ್ಡಪ್ಪನವರು ಒಂದು ದಿನ ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಆ ಮೇಲೆ ಅವರು ಸಂಗೀತದ ಮಾತನ್ನೇ ಎತ್ತಲಿಲ್ಲ.

2020, 2021ರ ದಸರೆಗಳು ಕೊರೋನಾ ಕಾರಣದಿಂದ ಸರಳವಾಗಿ ಅರಮನೆಯೊಳಗೆ ಮುಗಿದವು. 2022ರಲ್ಲಿ ಮತ್ತೆ ವೈಭವವೆಂದು ಗೊತ್ತಾದಾಗ ನಾವು ದೊಡ್ಡಪ್ಪನವರನ್ನು ಕರೆದೆವು. "ಕಿವುಡನನ್ನು ಕಚೇರಿಗೆ ಕರೆಯುತ್ತೀಯಲ್ಲ," ಎಂದರು. "ದೀಪಗಳನ್ನಾದರೂ ನೋಡಬಹುದು," ಎಂದೆವು. ದೊಡ್ಡಮ್ಮನವರು ಆಗಲೇ ಅವರ ಪಂಚೆಯನ್ನು ಮಡಿಸಿ ಚೀಲಕ್ಕೆ ಹಾಕಿದ್ದರು.

ಆ ವರ್ಷ ಮಳೆ ವಿಪರೀತ; ನಮ್ಮ ಕಡೆಯ ಎಷ್ಟೋ ಕೆರೆಗಳು ತುಂಬಿ ಕೋಡಿ ಬಿದ್ದಿದ್ದವು. ಬೆಳಗಿನ ಬಸ್ಸಿಗೆ ತುರುವೇಕೆರೆಗೆ ಹೋಗಿ, ಅಲ್ಲಿಂದ ಮಾಯಸಂದ್ರ, ನಾಗಮಂಗಲಗಳ ಮೇಲೆ ಸಾಗಿದೆವು. ಪಾಂಡವಪುರ ಸಮೀಪಿಸಿದಂತೆ ತೆಂಗು ತೆಳುವಾಗಿ, ಕನ್ನಂಬಾಡಿಯ ನೀರುಂಡ ಬತ್ತದ ಗದ್ದೆಗಳು ಹಸುರಾಗಿ ಹರಡುವುವು. ದೊಡ್ಡಪ್ಪನವರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಮೈಸೂರಿನಲ್ಲಿ ಊಟ, ಒಂದಿಷ್ಟು ನಿದ್ದೆ; ಅದನ್ನು ವರ್ಣಿಸಬೇಕಾದುದೇನೂ ಇಲ್ಲ. ಹೊತ್ತಿಗೆ ಮೊದಲೇ ಅರಮನೆಯ ಅಂಗಳಕ್ಕೆ ಹೋಗಿ, ವೇದಿಕೆಗೆ ಹತ್ತಿರವಾದ ಕುರ್ಚಿಗಳನ್ನು ಹಿಡಿದೆವು.

ಏಳು ಗಂಟೆಗೆ ದೀಪಗಳು ಹತ್ತಿದವು. 1897ರಲ್ಲಿ ಹಳೆಯ ಅರಮನೆ ಸುಟ್ಟ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಈ ಭವನಕ್ಕೆ ಸುಮಾರು ಒಂದು ಲಕ್ಷ ದೀಪಗಳು. ಎಷ್ಟು ಸಲ ನೋಡಿದರೂ ಜನ "ಹೋ" ಎನ್ನದೆ ಬಿಡರು. ದೊಡ್ಡಪ್ಪನವರೂ ಎಂದರು. ಬ್ಯಾಂಡುಗಳು ಸಾಲಾಗಿ ಬಂದು ಕುಳಿತವು. ಪಡೆ ಪಡೆಯಿಂದ ಬಂದವರೆಲ್ಲ ಸೇರಿ ನೂರಾರು ಮಂದಿ. ಬ್ಯಾಂಡ್ ಮಾಸ್ತರನು ಕೋಲೆತ್ತಿದಾಗ ಆ ನೂರಾರು ಮಂದಿ ಒಂದೇ ಉಸಿರನ್ನು ಒಳಕ್ಕೆಳೆದುಕೊಳ್ಳುವರಲ್ಲ, ನಮಗೆ ಅದೇ ಆ ದಿನದ ಪರಮ ಸುಖ. ಮೊದಲನೆಯ ಸ್ವರಕ್ಕಿಂತ ಅದರ ಹಿಂದಣ ಆ ನಿಶ್ಶಬ್ದ ಹೆಚ್ಚಿನದು.

ಮೊದಲು ಇಂಗ್ಲಿಷ್ ಬ್ಯಾಂಡಿನ ಸರದಿ. ಕೂಚಿನ ಗತ್ತು, ತಮಟೆಯಷ್ಟು ದೊಡ್ಡ ತಾಳದ ಹೊಡೆತ. ಕಡೆಗಣ್ಣಿನಿಂದ ನೋಡಿದೆವು. ದೊಡ್ಡಪ್ಪನವರು ಯಂತ್ರವನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕುತ್ತಿದ್ದರು. ಬೇಸರವೋ ಎಂದು ನಮ್ಮೆದೆ ಕುಸಿಯಿತು. ಅವರು ಮುಂದಕ್ಕೆ ಬಾಗಿ ಎರಡು ಅಂಗೈಗಳನ್ನೂ ಮುಂದಿನ ಕಬ್ಬಿಣದ ಕುರ್ಚಿಯ ಬೆನ್ನಿಗೆ ಒತ್ತಿಕೊಂಡರು.

ಬಳಿಕ ಕರ್ನಾಟಕ ಬ್ಯಾಂಡು ಒಂದು ಕೃತಿಯನ್ನೆತ್ತಿಕೊಂಡಿತು. ಕ್ಲಾರಿಯೊನೆಟ್ಟುಗಳು ಮೇಲೆ ಹಾರುತ್ತಿದ್ದವು. ಅವು ಅವರ ಪಾಲಿಗೆ ಇಲ್ಲವೆಂದು ನಮಗೆ ಗೊತ್ತು. ಆದರೆ ಅದೇ ಸ್ವರಗಳನ್ನು ಕೆಳಗಿನ ಸ್ಥಾಯಿಯಲ್ಲಿ, ತೊಡೆಯ ಮೇಲಿಟ್ಟು ಊದುವ ದೊಡ್ಡ ಹೊಟ್ಟೆಯ ಹಿತ್ತಾಳೆಯ ವಾದ್ಯಗಳು ಹಿಡಿದು ನಡೆಸುತ್ತಿದ್ದವು. ದೊಡ್ಡಪ್ಪನವರ ಬಲಗೈ ಕುರ್ಚಿಯನ್ನು ಬಿಟ್ಟು ತೊಡೆಗೆ ಬಂದಿತು. ಒಂದು ಆವರ್ತ, ಎರಡು ಆವರ್ತ. "ಮೋಹನ," ಎಂದರು, ತಮ್ಮೊಳಗೆ. ನಾವು ಉಸಿರೆತ್ತಲಿಲ್ಲ. ಕೃತಿ ಮೇಲಿನ ಷಡ್ಜವನ್ನು ಮುಟ್ಟಿ ಕೆಳಗಿಳಿಯತೊಡಗಿತು. ತೊಡೆಯ ಮೇಲಣ ಕೈ ನಿಂತಿತು. "ಅಲ್ಲ, ಅಲ್ಲ! ಇಳಿಯುವಾಗ ಕಲ್ಯಾಣಿ! ಮೋಹನಕಲ್ಯಾಣಿ!" ಎಂದು ಕಿವಿ ಮಂದವಾದವರು ಕೂಗುವಂತೆ ಕೂಗಿಬಿಟ್ಟರು. ಮುಂದಿನ ಸಾಲಿನವರು ತಿರುಗಿ ನೋಡಿದರು. ಏರುವಾಗ ಮೋಹನ, ಇಳಿಯುವಾಗ ಕಲ್ಯಾಣಿ. ಮೈಸೂರಿನ ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರು ಪ್ರಚಾರಕ್ಕೆ ತಂದ ರಾಗ. ಹೇಳಿದುದು ಸರಿಯಾಗಿತ್ತು.

ಕಣ್ಣೊರೆಸಿಕೊಳ್ಳಲು ನಮಗೆ ಕತ್ತಲೆಯಿರಲಿಲ್ಲ. ಲಕ್ಷ ದೀಪಗಳು ಉರಿಯುತ್ತಿದ್ದವು. ನಾವು ಅರಮನೆಯ ಗೋಪುರವನ್ನು ದೃಷ್ಟಿಸಿ ನೋಡುವವರಂತೆ ಅತ್ತ ತಿರುಗಿ ಕುಳಿತೆವು.

ಎಲ್ಲ ಮುಗಿದು ಜನ ಚೆದರಿದ ಮೇಲೆ ದೊಡ್ಡಪ್ಪನವರು ನೇರವಾಗಿ ವೇದಿಕೆಯ ಬದಿಗೆ ನಡೆದರು. ಆ ದೊಡ್ಡ ಹೊಟ್ಟೆಯ ವಾದ್ಯದವನೊಬ್ಬನು ಅದನ್ನು ಬಟ್ಟೆಯಿಂದ ಒರೆಸುತ್ತಿದ್ದನು. "ಇದಕ್ಕೇನು ಹೆಸರು, ಸ್ವಾಮಿ?" ಎಂದರು. ಆತನು ಹೇಳಿದನು, ಕೇಳಿಸಲಿಲ್ಲ. ಮತ್ತೆ ಹೇಳಿದನು. ಕಡೆಗೆ ನಮ್ಮ ಬಸ್ಸಿನ ಟಿಕೀಟಿನ ಹಿಂಬದಿಯಲ್ಲಿ "ಯೂಫೋನಿಯಂ" ಎಂದು ಬರೆದುಕೊಟ್ಟನು. ನಾವು ಸಂಗತಿಯನ್ನು ಎರಡು ಮಾತಿನಲ್ಲಿ ತಿಳಿಸಿದೆವು. ಆತನು ಸುತ್ತ ಒಮ್ಮೆ ನೋಡಿ, ಮೇಲಿನವರು ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ದೊಡ್ಡಪ್ಪನವರ ಕೈಯನ್ನು ವಾದ್ಯದ ಬಾಯಿಯ ಅಂಚಿಗೆ ಇಡಿಸಿ, ಒಂದು ದೀರ್ಘವಾದ ಮಂದ್ರ ಸ್ವರವನ್ನು ಊದಿದನು. ಅವರು ಕಣ್ಣು ಮುಚ್ಚಿ ನಿಂತಿದ್ದರು. ಆತನ ಹೆಸರನ್ನು ಈ ಬಾರಿಯೂ ಕೇಳಿಕೊಳ್ಳಲಿಲ್ಲ.

ರಾತ್ರಿ ಛತ್ರದಲ್ಲಿ ಮಲಗಿದವರು ಒಂದು ಗಂಟೆಯವರೆಗೂ ಮಾತನಾಡಿದರು. ಯಾವ ಯಾವ ವಿದ್ವಾಂಸರನ್ನು ಎಲ್ಲೆಲ್ಲಿ ಕೇಳಿದ್ದೆವೆಂಬ ಲೆಕ್ಕ ಬಂದಿತು. ಎಷ್ಟೋ ವರ್ಷಗಳಿಂದ ಬೀರುವಿನಲ್ಲಿದ್ದುದೆಲ್ಲ ಹೊರಗೆ ಬಂದಿತು. ನಿದ್ದೆ ಹತ್ತುವ ಹೊತ್ತಿಗೆ, "ಆದರೂ ಗಮಕವಿಲ್ಲವಪ್ಪ," ಎಂದರು.

"ಇಲ್ಲ, ದೊಡ್ಡಪ್ಪ," ಎಂದೆವು.

"ಆ ಗಾಂಧಾರವನ್ನು ಇನ್ನೊಂದು ಕೂದಲಷ್ಟು ಅಲುಗಿಸಬೇಕಾಗಿತ್ತು. ಮುಂದಿನ ವರ್ಷ ಅಲುಗಿಸುತ್ತಾರೋ ನೋಡೋಣ," ಎಂದು ಮಗ್ಗುಲಾದರು.